ಮನೆ ಮಾರಿಹೋದ ವರ್ಷ ರಾಜನ ಠೀವಿ: ರೆಂಬ್ರಾಂಟ್ ಬರೆದುಕೊಂಡ ರೆಂಬ್ರಾಂಟ್

ಪ್ರಶ್ನೆ: ಸರ್, ನಾನು ವಿಜಯಪುರದಲ್ಲಿ ಬಿ.ವಿ.ಎ. ಓದುತ್ತಿರುವ ವಿದ್ಯಾರ್ಥಿನಿ. ಕ್ಲಾಸಿನಲ್ಲಿ ಹಾಲೆಂಡಿನ ಚಿತ್ರಕಾರ ರೆಂಬ್ರಾಂಟ್ ಬರೆದ 1658ರ ಸೆಲ್ಫ್ ಪೋರ್ಟ್ರೇಟ್ ತೋರಿಸಿದರು. ಬಂಗಾರದ ಬಣ್ಣದ ಬಟ್ಟೆ, ಕೈಯಲ್ಲಿ ಬೆಳ್ಳಿ ಹಿಡಿಯ ಕೋಲು, ರಾಜನ ಹಾಗೆ ಕೂತಿದ್ದಾನೆ. ಆದರೆ ಅದೇ ಹೊತ್ತಿಗೆ ಅವನು ದಿವಾಳಿಯಾಗಿದ್ದ, ಮನೆ ಕೈಬಿಟ್ಟಿತ್ತು ಅಂತಲೂ ಹೇಳಿದರು. ಹಾಗಾದರೆ ಈ ಚಿತ್ರ ಸುಳ್ಳಲ್ವಾ? ಅಷ್ಟೊಂದು ಸಲ ತನ್ನ ಮುಖವನ್ನೇ ಬರೆದದ್ದು ಅಹಂಕಾರ ಅಲ್ವಾ? ನಮಗೂ ಸೆಲ್ಫ್ ಪೋರ್ಟ್ರೇಟ್ ಅಸೈನ್‌ಮೆಂಟ್ ಕೊಟ್ಟಿದ್ದಾರೆ. ಮೊಬೈಲ್ ಸೆಲ್ಫಿ ನೋಡಿ ಬರೆದರೆ ನಡೆಯುತ್ತಾ?

ಉತ್ತರ:

ಸುಳ್ಳಲ್ಲ ತಂಗಿ. ಆದರೆ ನೀವು ಕೇಳಬೇಕಾದ್ದನ್ನೇ ಕೇಳಿದ್ದೀರಿ. ಈ ಚಿತ್ರದ ಬಗ್ಗೆ ಮಾತಾಡುವವರಲ್ಲಿ ಬಹಳ ಜನ ಈ ತೊಡಕನ್ನು ಹಾರಿಸಿಬಿಡುತ್ತಾರೆ. "ಕಣ್ಣಲ್ಲಿ ನೋವು ನೋಡಿ, ಬದುಕು ಕೊಟ್ಟ ಪೆಟ್ಟು ನೋಡಿ" ಅಂತ ಹೇಳಿ ಮುಂದಿನ ಸ್ಲೈಡಿಗೆ ಹೋಗುತ್ತಾರೆ. ನಾನು ಬೆಳಗಾವಿಯಲ್ಲಿ ಪೋರ್ಟ್ರೇಟ್ ಬರೆದೇ ಹೊಟ್ಟೆ ಹೊರೆದವನು. ಮಠದ ಅಜ್ಜನವರು, ಸಕ್ಕರೆ ಕಾರ್ಖಾನೆಯ ಚೇರ್ಮನ್ನರು, ತೀರಿಹೋದ ಹಿರಿಯರು, ಎಲ್ಲರ ಮುಖ ಬರೆದಿದ್ದೇನೆ, ಹುಡುಗರಿಗೂ ಕಲಿಸಿದ್ದೇನೆ. ಆ ಕಸುಬಿನ ಕಣ್ಣಿನಿಂದ ಹೇಳುತ್ತೇನೆ: ಈ ಚಿತ್ರದಲ್ಲಿ ಮುಖಕ್ಕಿಂತ ಮೊದಲು ಕೈ ನೋಡಬೇಕು. ಅಲ್ಲಿಗೆ ಬರುತ್ತೇನೆ. ಅದಕ್ಕೂ ಮೊದಲು ದುಡ್ಡಿನ ಕಥೆ ಸರಿಯಾಗಿ ತಿಳಿದಿರಲಿ. ದಿವಾಳಿ ಅಂತ ಒಂದೇ ಮಾತಿನಲ್ಲಿ ಮುಗಿಸಿದರೆ ಏನೂ ಗೊತ್ತಾಗುವುದಿಲ್ಲ.

ರೆಂಬ್ರಾಂಟ್ ಹುಟ್ಟಿದ್ದು 1606ರಲ್ಲಿ, ಹಾಲೆಂಡಿನ ಲೈಡನ್ ಊರಲ್ಲಿ. ಅಪ್ಪನದು ಮೊಳಕೆ ಧಾನ್ಯ ಬೀಸುವ ಗಿರಣಿ. ಮೂವತ್ತು ತುಂಬುವ ಮೊದಲೇ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ದೊಡ್ಡ ಹೆಸರು. 1634ರಲ್ಲಿ ಸಾಸ್ಕಿಯಾ ಜೊತೆ ಮದುವೆ, ಅವಳು ಉಳ್ಳವರ ಮನೆಯ ಹುಡುಗಿ. 1639ರಲ್ಲಿ 13,000 ಗಿಲ್ಡರ್‌ಗೆ ಒಂದು ದೊಡ್ಡ ಮನೆ ತಗೊಂಡ. ಗಿಲ್ಡರ್ ಅಂದರೆ ಅಲ್ಲಿನ ಆಗಿನ ನಾಣ್ಯ. ಆ 13,000 ಎಷ್ಟು ದೊಡ್ಡ ಮೊತ್ತ ಅಂದರೆ, ಅವನ ಅತಿ ಹೆಸರಾದ ಚಿತ್ರ 'ನೈಟ್ ವಾಚ್' ಇದೆಯಲ್ಲ, 1642ರಲ್ಲಿ ಮುಗಿದದ್ದು, ಗೋಡೆಯಷ್ಟು ದೊಡ್ಡ ಚಿತ್ರ, ಅದಕ್ಕೆ ಸಿಕ್ಕ ದುಡ್ಡು 1,600 ಗಿಲ್ಡರ್. ಅಂಥ ಎಂಟು ಚಿತ್ರ ಬರೆದರೆ ಒಂದು ಮನೆ! ಮುಂಗಡ ಸ್ವಲ್ಪ ಕೊಟ್ಟ, ಉಳಿದದ್ದನ್ನು ಐದಾರು ವರ್ಷದಲ್ಲಿ ತೀರಿಸುತ್ತೇನೆ ಅಂದ. ತೀರಿಸಲಿಲ್ಲ. ದುಡಿಮೆ ಚೆನ್ನಾಗಿದ್ದ ಕಾಲದಲ್ಲೂ ತೀರಿಸಲಿಲ್ಲ, ಅದು ಅವನದೇ ತಪ್ಪು. ಹರಾಜಿಗೆ ಹೋಗಿ ಹಳೇ ಚಿತ್ರ, ಪ್ರಿಂಟು, ಮೂರ್ತಿ, ಶಂಖ, ಕತ್ತಿ, ಗುರಾಣಿ ಕೊಳ್ಳುವ ಚಟ ಬೇರೆ.

1652ರಲ್ಲಿ ಇಂಗ್ಲೆಂಡ್ ಜೊತೆ ಯುದ್ಧ ಶುರುವಾಯ್ತು. ಆಮ್‌ಸ್ಟರ್‌ಡ್ಯಾಮ್ ಸಮುದ್ರ ವ್ಯಾಪಾರದ ಮೇಲೆ ನಿಂತ ಊರು, ಪೇಟೆ ಕುಸಿಯಿತು. ಮನೆ ಮಾರಿದವನು 1653ರಲ್ಲಿ ಬಾಕಿ ಕೊಡು ಅಂತ ಕೂತ. ಬಾಕಿ, ಬಡ್ಡಿ ಸೇರಿ 8,000 ಗಿಲ್ಡರ್ ಮೇಲೆ. ಅದನ್ನು ತೀರಿಸಲು ಇನ್ನೊಬ್ಬರ ಹತ್ತಿರ ಸಾಲ, ಅದನ್ನು ತೀರಿಸಲು ಮತ್ತೊಬ್ಬರ ಹತ್ತಿರ. ಈ ಗಾಣ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1656ರ ಜುಲೈನಲ್ಲಿ ಅವನೇ ಕೋರ್ಟಿಗೆ ಹೋಗಿ, ಇದ್ದದ್ದನ್ನೆಲ್ಲ ಒಪ್ಪಿಸುತ್ತೇನೆ, ಸಾಲದಿಂದ ಬಿಡಿಸಿ ಅಂತ ಅರ್ಜಿ ಹಾಕಿದ. ಅಧಿಕಾರಿಗಳು ಮನೆಗೆ ಬಂದು ಕೋಣೆ ಕೋಣೆ ಹೊಕ್ಕು ಪಟ್ಟಿ ಮಾಡಿದರು. 363 ನಮೂದುಗಳ ಆ ಪಟ್ಟಿ ಇವತ್ತಿಗೂ ಇದೆ. ಇಟಲಿಯ ಹಳೇ ಚಿತ್ರಕಾರರಾದ ರಾಫೆಲ್, ಮಾಂಟೆನ್ಯಾ ಅವರ ಪ್ರಿಂಟುಗಳಿಂದ ಹಿಡಿದು ಜಪಾನಿನ ಒಂದು ಶಿರಸ್ತ್ರಾಣದವರೆಗೆ ಎಲ್ಲ ಇದೆ ಅದರಲ್ಲಿ. ಅವೆಲ್ಲ ಒಂದೊಂದಾಗಿ ಹರಾಜಾದವು. 1658ರ ಫೆಬ್ರವರಿಯಲ್ಲಿ ಮನೆಯೂ 11,218 ಗಿಲ್ಡರ್‌ಗೆ ಹೋಯ್ತು.

ನೀವು ನೋಡಿದ ಚಿತ್ರ ಆ ವರ್ಷದ್ದು.

ಈಗ ಅಹಂಕಾರದ ಪ್ರಶ್ನೆ. ರೆಂಬ್ರಾಂಟ್ ತನ್ನನ್ನು ಸುಮಾರು 40 ಸಲ ಎಣ್ಣೆಬಣ್ಣದಲ್ಲಿ, 30 ಸಲ ಎಚಿಂಗ್‌ನಲ್ಲಿ ಬರೆದುಕೊಂಡಿದ್ದಾನೆ, ರೇಖಾಚಿತ್ರ ಬೇರೆ. ಎಚಿಂಗ್ ಅಂದರೆ ತಾಮ್ರದ ತಗಡಿನ ಮೇಲೆ ಗೀರಿ, ಆಮ್ಲದಲ್ಲಿ ಕೊರೆಸಿ ಅಚ್ಚು ತೆಗೆಯುವುದು. ಇಷ್ಟು ನೋಡಿದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಆದರೆ ಇವೆಲ್ಲ ಒಂದೇ ಕಾರಣಕ್ಕೆ ಬರೆದವಲ್ಲ.

ಹುಡುಗನಿದ್ದಾಗ ಬರೆದವು ಅಭ್ಯಾಸಕ್ಕೆ. ಎದುರಿಗೆ ಕೂರಲು ಮಾಡೆಲ್ ಬೇಕು, ಮಾಡೆಲ್‌ಗೆ ದುಡ್ಡು ಬೇಕು, ಕನ್ನಡಿಯೊಳಗಿನವನು ಪುಕ್ಕಟೆ ಸಿಗುತ್ತಾನೆ. 1630ರ ಎಚಿಂಗ್ ಒಂದಿದೆ, ಬೆಂಕಿಪೊಟ್ಟಣಕ್ಕಿಂತ ಜಾಸ್ತಿ ದೊಡ್ಡದಲ್ಲ, ಅದರಲ್ಲಿ ಕಣ್ಣು ಅಗಲಿಸಿ ಬೆಚ್ಚಿಬಿದ್ದವನ ಹಾಗೆ ನೋಡುತ್ತಾನೆ. ಇನ್ನೊಂದರಲ್ಲಿ ಹಲ್ಲು ಕಿರಿಯುತ್ತಾನೆ, ಮತ್ತೊಂದರಲ್ಲಿ ಹುಬ್ಬು ಗಂಟಿಕ್ಕುತ್ತಾನೆ. ಅವನು ಬೆಚ್ಚಿದ್ದೂ ಇಲ್ಲ, ಸಿಟ್ಟಾಗಿದ್ದೂ ಇಲ್ಲ. ಮುಖದ ಸ್ನಾಯು ಹೇಗೆ ಎಳೆದುಕೊಳ್ಳುತ್ತದೆ ಅಂತ ನೋಡುತ್ತಿದ್ದಾನೆ, ಅಷ್ಟೇ. ಮುಂದೆ ಪುರಾಣದ, ಬೈಬಲಿನ ಕಥೆ ಬರೆಯುವಾಗ ಬೇಕಾಗುತ್ತದೆ ಅಂತ. ಇದು ಮನಸ್ಸಿನಲ್ಲಿಟ್ಟುಕೊಳ್ಳಿ: ಇಪ್ಪತ್ತರ ವಯಸ್ಸಿಗೇ ಯಾವ ಭಾವ ಬೇಕಾದರೂ ಮುಖದ ಮೇಲೆ ತಂದು ನಿಲ್ಲಿಸುವುದು ಕಲಿತವನು ಅವನು. ಐವತ್ತರ ವಯಸ್ಸಿನ ಮುಖವನ್ನು ನಾವು ಡೈರಿ ಓದಿದ ಹಾಗೆ ಓದುವುದು ಎಷ್ಟು ಸರಿ?

1628ರ ಚಿತ್ರವನ್ನು ಮಾತ್ರ ಬಿಡಬೇಡಿ. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ, ನೋಟ್‌ಬುಕ್ಕಿನ ಹಾಳೆಯಷ್ಟು ಚಿಕ್ಕದು. ವಯಸ್ಸು 22. ಬೆಳಕು ಹಿಂದಿನಿಂದ ಒಂದು ಕೆನ್ನೆ, ಕಿವಿ, ಮೂಗಿನ ತುದಿಗೆ ಮಾತ್ರ ಬಿದ್ದಿದೆ, ಕಣ್ಣು ಪೂರ್ತಿ ನೆರಳಲ್ಲಿ. ಅರ್ಧ ನಿಮಿಷ ದಿಟ್ಟಿಸಿದ ಮೇಲೆ ಆ ಕತ್ತಲಿನಿಂದ ಎರಡು ಕಣ್ಣು ನಿಮ್ಮನ್ನೇ ನೋಡುತ್ತಿರುವುದು ಗೊತ್ತಾಗುತ್ತದೆ. ಕೂದಲು ನೋಡಿ. ಗುಂಗುರು ಕೂದಲನ್ನು ಬ್ರಷ್‌ನಿಂದ ಬರೆದಿಲ್ಲ. ಹಸಿ ಬಣ್ಣದ ಮೇಲೆ ಬ್ರಷ್ ತಿರುಗಿಸಿ ಹಿಡಿದು ಅದರ ಹಿಂದಿನ ಕಟ್ಟಿಗೆ ತುದಿಯಿಂದ ಗೀರಿದ್ದಾನೆ. ಗೀರಿದಲ್ಲಿ ಕೆಳಗಿನ ತಿಳಿ ಬಣ್ಣ ಎಳೆ ಎಳೆಯಾಗಿ ಎದ್ದು ಬಂದಿದೆ. ಅಷ್ಟು ಚಿಕ್ಕ ವಯಸ್ಸಿಗೆ ಆ ಧೈರ್ಯ ಎಲ್ಲಿಂದ ಬಂತೋ! ನಾನು ನನ್ನ ಹುಡುಗರಿಗೆ ಮೊದಲು ತೋರಿಸುವುದೇ ಇದನ್ನು.

ಆಮೇಲೆ ಬರೆದವು ಪೇಟೆಗೆ. ಹೆಸರಾದ ಚಿತ್ರಕಾರನ ಕೈಯ ಚಿತ್ರ, ಅದರಲ್ಲಿ ಆ ಚಿತ್ರಕಾರನದೇ ಮುಖ, ಒಂದೇ ಬೆಲೆಗೆ ಎರಡೂ ಸಿಕ್ಕರೆ ಕೊಳ್ಳುವವರು ಬಿಡುತ್ತಾರಾ? 1630ರ ದಶಕದಲ್ಲೇ ಇಂಗ್ಲೆಂಡಿನ ರಾಜ ಒಂದನೇ ಚಾರ್ಲ್ಸ್ ಸಂಗ್ರಹದಲ್ಲಿ ಇವನ ಒಂದು ಸೆಲ್ಫ್ ಪೋರ್ಟ್ರೇಟ್ ಇತ್ತು. ಕೊಳ್ಳುವವರಿದ್ದರು, ಬರೆದ. ಕಸುಬಿನವನಿಗೆ ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ನಮ್ಮ ಕಡೆ ನೋಡಿದರೆ ರೂಢಿಯೇ ಬೇರೆ. ಬಾಗಲಕೋಟೆ ಜಿಲ್ಲೆಯ ಪಟ್ಟದಕಲ್ಲಿಗೆ ಹೋಗಿದ್ದೀರಲ್ಲ. ಅಲ್ಲಿನ ವಿರೂಪಾಕ್ಷ ಗುಡಿ ಕಟ್ಟಿದ ಗುಂಡ ಅನಿವಾರಿತಾಚಾರಿಯ ಹೆಸರು ಶಾಸನದಲ್ಲಿದೆ. ತ್ರಿಭುವನಾಚಾರಿ ಅಂತ ಬಿರುದು ಕೊಟ್ಟದ್ದೂ ಇದೆ. ಅವನ ಮುಖ ಹೇಗಿತ್ತು? ಯಾರಿಗೂ ಗೊತ್ತಿಲ್ಲ. ಹೆಸರು ಕೆತ್ತಿಸಿದರು, ಮುಖ ಕೆತ್ತಿಸಲಿಲ್ಲ. ಆ ಕಾಲದ ಹೆಮ್ಮೆ ಹೆಸರಿನಲ್ಲಿತ್ತು. ರೆಂಬ್ರಾಂಟನ ಕಾಲದ ಹಾಲೆಂಡಿನಲ್ಲಿ ಮುಖಕ್ಕೂ ಬೆಲೆ ಬಂದಿತ್ತು. ಇಬ್ಬರಲ್ಲೂ ಇದ್ದದ್ದು ಕಸುಬಿನ ಅಭಿಮಾನವೇ.

ಇನ್ನು ಆ ಬಂಗಾರದ ಬಟ್ಟೆ. ನೀವು ಅದನ್ನು ಶ್ರೀಮಂತಿಕೆಯ ತೋರಿಕೆ ಅಂದುಕೊಂಡಿರಿ, ಸಹಜ. ಆದರೆ 1658ರ ಆಮ್‌ಸ್ಟರ್‌ಡ್ಯಾಮ್‌ನ ಶ್ರೀಮಂತ ಇಂಥ ಬಟ್ಟೆ ಹಾಕುತ್ತಿರಲಿಲ್ಲ. ಅವನದು ಕರಿ ಬಟ್ಟೆ, ಬಿಳಿ ಕಾಲರ್. ಈ ಹಳದಿ ನಿಲುವಂಗಿ, ಸೊಂಟಕ್ಕೆ ಕೆಂಪು ಪಟ್ಟಿ, ಭುಜದ ಮೇಲೆ ತುಪ್ಪಳದ ಹೊದಿಕೆ, ತಲೆಗೆ ಅಗಲ ಟೊಪ್ಪಿಗೆ, ಇವೆಲ್ಲ ಹಳೇ ಕಾಲದ, ಸ್ವಲ್ಪ ಕಲ್ಪನೆಯ ವೇಷ. ನಮ್ಮ ಹಳೇ ಮನೆಗಳ ಪಡಸಾಲೆಯಲ್ಲಿ ಅಜ್ಜನ ಫೋಟೋ ನೋಡಿರುತ್ತೀರಿ. ಹೊಲದಲ್ಲಿ ದುಡಿಯುವ ಮನುಷ್ಯ, ಪೇಟೆಗೆ ಬಂದಾಗ ಸ್ಟುಡಿಯೋದವರ ಕೋಟು ತೊಟ್ಟು, ತಲೆಗೆ ರುಮಾಲು ಸುತ್ತಿ, ಪಕ್ಕದ ಸ್ಟೂಲಿನ ಮೇಲಿನ ಹೂದಾನಿಗೆ ಕೈ ಊರಿ ನಿಂತಿರುತ್ತಾನೆ. ಆ ಕೋಟು ಅಜ್ಜನದಲ್ಲ ಅಂತ ಮನೆಯವರಿಗೆಲ್ಲ ಗೊತ್ತು. ಅಜ್ಜ ಸುಳ್ಳು ಹೇಳಿದ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ? ತನ್ನನ್ನು ಹೇಗೆ ನೆನೆಯಬೇಕು ಅಂತ ಅವನಿಗೆ ಒಂದು ಆಸೆ ಇತ್ತು. ಆ ಆಸೆ ನಿಜವಾದದ್ದೇ.

ರೆಂಬ್ರಾಂಟ್ ಯಾರ ಹಾಗೆ ನೆನಪಾಗಬೇಕು ಅಂದುಕೊಂಡಿದ್ದ? ಇದಕ್ಕೆ ಹಳೆಯ ಒಂದು ಸುಳಿವಿದೆ. 1639ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಹರಾಜಿನಲ್ಲಿ ರಾಫೆಲ್ ಬರೆದ, ಕಾಸ್ತಿಲ್ಯೋನೆ ಎಂಬ ಇಟಲಿಯ ಲೇಖಕನ ಪೋರ್ಟ್ರೇಟ್ ಮಾರಾಟಕ್ಕೆ ಬಂತು. ರೆಂಬ್ರಾಂಟ್ ಅಲ್ಲೇ ಅದರ ಸ್ಕೆಚ್ ಮಾಡಿಕೊಂಡ, ಪಕ್ಕದಲ್ಲಿ 3,500 ಗಿಲ್ಡರ್‌ಗೆ ಹೋಯ್ತು ಅಂತ ಬರೆದುಕೊಂಡ. ಅದನ್ನು ಕೊಂಡವನ ಹತ್ತಿರ ಇಟಲಿಯದೇ ಚಿತ್ರಕಾರ ಟಿಷಿಯನ್ ಬರೆದ ಇನ್ನೊಂದು ಪೋರ್ಟ್ರೇಟ್ ಇತ್ತು, ಕಟ್ಟೆಯ ಮೇಲೆ ತೋಳು ಊರಿ ಭುಜದ ಮೇಲಿಂದ ನೋಡುವ ಮನುಷ್ಯನದು. ಮರುವರ್ಷ, 1640ರಲ್ಲಿ, ರೆಂಬ್ರಾಂಟ್ ತನ್ನನ್ನು ಅದೇ ಭಂಗಿಯಲ್ಲಿ, ನೂರು ವರ್ಷ ಹಿಂದಿನ ಬಟ್ಟೆಯಲ್ಲಿ ಬರೆದುಕೊಂಡ. ಈಗ ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ನಾನು ಆ ಸಾಲಿನವನು, ರಾಫೆಲ್, ಟಿಷಿಯನ್ ಕೂರುವ ಪಂಕ್ತಿಯವನು ಅಂತ. ಆಗ ಜೇಬು ತುಂಬಿತ್ತು. 1658ರಲ್ಲಿ ಜೇಬು ಖಾಲಿ. ಆದರೆ ಹೇಳುವ ಮಾತು ಅದೇ, ದನಿ ಇನ್ನೂ ಗಟ್ಟಿ.

ಈಗ ಚಿತ್ರಕ್ಕೇ ಬರೋಣ. ನ್ಯೂಯಾರ್ಕಿನ ಫ್ರಿಕ್ ಕಲೆಕ್ಷನ್‌ನಲ್ಲಿದೆ. ಎತ್ತರ ಸುಮಾರು 134 ಸೆಂಟಿಮೀಟರ್, ಅಗಲ 104. ಅವನ ಸೆಲ್ಫ್ ಪೋರ್ಟ್ರೇಟ್‌ಗಳಲ್ಲಿ ಇದೇ ದೊಡ್ಡದು. ಸಾಲಗಾರನಾಗಿ ಕೋರ್ಟಿನ ಮುಂದೆ ನಿಂತವನು ತನ್ನ ಅತಿ ದೊಡ್ಡ ಕ್ಯಾನ್ವಾಸು ಹಿಡಿದದ್ದು ಆಗ! ನೇರ ಎದುರಿಗೆ ಕೂತಿದ್ದಾನೆ, ಮೈ ಚಿತ್ರದ ತುಂಬ. ವಯಸ್ಸು 52. ಕಣ್ಣಿನ ಕೆಳಗೆ ಚೀಲ ಇಳಿದಿದೆ, ಮೂಗು ದಪ್ಪ, ಟೊಪ್ಪಿಗೆಯ ನೆರಳು ಹಣೆಯ ಮೇಲೆ ಬಿದ್ದಿದೆ. ಕೈಗಳು ನೋಡಿ. ಎಷ್ಟು ದೊಡ್ಡ ಕೈ! ನಮ್ಮ ಎಡಕ್ಕೆ ಕಾಣುವ ಕೈ ಕುರ್ಚಿಯ ತೋಳಿನ ಮೇಲೆ ಭಾರವಾಗಿ ಕೂತಿದೆ, ಬೆಳಕೂ ಅದರ ಮೇಲೆ ಧಾರಾಳ. ದೊಡ್ಡದು ಮಾಡಿ ನೋಡಿದರೆ ಬೆರಳಿಗೆ ಅಂಚು ಅಂತ ಒಂದು ಗೆರೆ ಎಳೆದಿಲ್ಲ, ದಪ್ಪ ಬಣ್ಣದ ಎಳೆತಗಳೇ ಬೆರಳಾಗಿ ನಿಂತಿವೆ. ನಮ್ಮ ಬಲಕ್ಕೆ ಕಾಣುವ ಕೈ ಆ ಬೆಳ್ಳಿ ಹಿಡಿಯ ಕೋಲನ್ನು ಹಿಡಿದಿದೆ.

ಈಗ ಒಂದು ಕೆಲಸ ಮಾಡಿ. ಬಲಗೈಯಲ್ಲಿ ಬ್ರಷ್ ಹಿಡಿದು ಕನ್ನಡಿ ಮುಂದೆ ನಿಲ್ಲಿ. ಬ್ರಷ್ ಹಿಡಿದ ಕೈ ಕನ್ನಡಿಯಲ್ಲಿ ನಿಮ್ಮ ಬಲಗಡೆಗೇ ಕಾಣುತ್ತದೆ. ಕಂಡದ್ದನ್ನು ಕಂಡ ಹಾಗೆ ಕ್ಯಾನ್ವಾಸಿಗೆ ಇಳಿಸಿದರೆ ಚಿತ್ರದ ಬಲಗಡೆ ಬ್ರಷ್ ಬರುತ್ತದೆ. ಅಂದರೆ ಕನ್ನಡಿ ನೋಡಿ ಬರೆಯುವ ಬಲಗೈ ಕಸುಬಿನವನಿಗೆ, ಚಿತ್ರದ ಬಲಗಡೆಯ ಕೈ ಅಂದರೆ ಕೆಲಸ ಮಾಡುವ ಕೈ. ಅದೊಂದು ಕೈ ಯಾವತ್ತೂ ಸುಮ್ನೆ ಕೂರುವುದಿಲ್ಲ, ಅದನ್ನು ಬರೆಯಬೇಕೆಂದರೆ ಅದೇ ಅಲ್ಲಾಡುತ್ತಿರುತ್ತದೆ. ಸೆಲ್ಫ್ ಪೋರ್ಟ್ರೇಟ್ ಬರೆದ ಪ್ರತಿಯೊಬ್ಬನೂ ಈ ಕೈ ಹತ್ತಿರ ಬಂದು ಸಿಕ್ಕಿಬೀಳುತ್ತಾನೆ. ಕೆಲವರು ಬಟ್ಟೆಯೊಳಗೆ ಮುಚ್ಚುತ್ತಾರೆ. ಕೆಲವರು ಎದೆಯ ತನಕ ಬರೆದು ಕೈಮುಗಿಯುತ್ತಾರೆ. ರೆಂಬ್ರಾಂಟ್ ಇಲ್ಲಿ ಆ ಜಾಗದಲ್ಲಿ ಕೋಲು ಇಟ್ಟ. ಬ್ರಷ್ ಇರುವ ಕೈಗೆ ರಾಜದಂಡದಂಥ ಕೋಲು ಕೊಟ್ಟ. ಇದು ನನ್ನ ಓದು, ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಹೀಗೆ ನೋಡಿದ ಮೇಲೆ ಈ ಚಿತ್ರ ನನಗೆ ಸುಳ್ಳಾಗಿ ಕಾಣಲೇ ಇಲ್ಲ. ಮನೆ ಹೋಗಿದೆ, ಸಂಗ್ರಹ ಹೋಗಿದೆ, ಕೋರ್ಟಿನವರು ಪಟ್ಟಿಗೆ ಹಾಕಲಾಗದೆ ಉಳಿದದ್ದು ಈ ಎರಡು ಕೈ. ಅವನ್ನೇ ದೊಡ್ಡದಾಗಿ ಬರೆದು ಮುಂದಿಟ್ಟಿದ್ದಾನೆ.

ಕನ್ನಡಿ ಅಂದೆನಲ್ಲ, ಅದಕ್ಕೂ ಒಂದು ಕಥೆ ಇದೆ. ಆ ಕಾಲದಲ್ಲಿ ದೊಡ್ಡ ಗಾಜಿನ ಕನ್ನಡಿ ಅಂದರೆ ಬಹಳ ದುಬಾರಿ, ಗಾಜಿನ ಹಿಂದೆ ತವರ, ಪಾದರಸ ಕೂಡಿಸಿ ಮಾಡುತ್ತಿದ್ದರು. ಮನೆಯ ಸಾಮಾನು ಹರಾಜಾದಾಗ ಕರಿಮರದ ಚೌಕಟ್ಟಿನ ದೊಡ್ಡ ಕನ್ನಡಿಯೂ ಹೋಯ್ತು. ಅದನ್ನು ವಾಪಸ್ ಕೊಂಡವನು ಅವನ ಮಗ ಟೈಟಸ್, ಇನ್ನೂ ಹದಿನಾರು ಹದಿನೇಳರ ಹುಡುಗ. ಮನೆಗೆ ಮುಟ್ಟಿಸಲು ಒಬ್ಬ ದೋಣಿಯವನನ್ನು ಗೊತ್ತು ಮಾಡಿದ. ಅವನು ತಲೆ ಮೇಲೆ ಹೊತ್ತು ಹೋಗುವಾಗ ದಾರಿಯಲ್ಲೇ ಕನ್ನಡಿ ಒಡೆದು ಚೂರಾಯ್ತು. ಅವನು ಯಾವುದಕ್ಕೂ ತಾಗಿಸಲಿಲ್ಲ ಅಂತ ಜೊತೆಗಿದ್ದವರು ಸಾಕ್ಷಿ ಹೇಳಿದ್ದು ದಾಖಲೆಯಲ್ಲಿ ಉಳಿದಿದೆ. ಇಷ್ಟು ಸಾಲದ ನಡುವೆ ಆ ಹುಡುಗ ಬೇರೆ ಏನನ್ನಾದರೂ ಬಿಡಿಸಿಕೊಳ್ಳಬಹುದಿತ್ತು. ಕನ್ನಡಿ ಬಿಡಿಸಿಕೊಂಡ. ಅಪ್ಪನ ಕೆಲಸಕ್ಕೆ ಏನು ಬೇಕು ಅಂತ ಮಗನಿಗೆ ಗೊತ್ತಿತ್ತು ಅಂತಲೇ ನಾನು ತಿಳಿದಿದ್ದೇನೆ.

ಅಪ್ಪನನ್ನು ಆಮೇಲೆ ಸಾಕಿದ್ದೂ ಟೈಟಸ್ ಮತ್ತು ಹೆಂಡ್ರಿಕ್ಯೆ. ಹೆಂಡ್ರಿಕ್ಯೆ ಯಾರು ಅಂದರೆ, ಸಾಸ್ಕಿಯಾ 1642ರಲ್ಲಿ ತೀರಿಕೊಂಡಳು, ಟೈಟಸ್ ಆಗ ವರ್ಷವೂ ತುಂಬದ ಕೂಸು, ಅವನಿಗಿಂತ ಮೊದಲು ಹುಟ್ಟಿದ ಮೂರೂ ಮಕ್ಕಳು ಉಳಿದಿರಲಿಲ್ಲ. ಕೆಲವು ವರ್ಷಗಳ ಮೇಲೆ ಮನೆಗೆಲಸಕ್ಕೆ ಬಂದ ಹೆಂಡ್ರಿಕ್ಯೆ ಜೊತೆ ರೆಂಬ್ರಾಂಟ್ ಬಾಳಿದ, ಮದುವೆ ಆಗಲಿಲ್ಲ. ಇನ್ನೊಂದು ಮದುವೆಯಾದರೆ ತನ್ನ ಆಸ್ತಿಯ ಅನುಭೋಗ ತಪ್ಪುತ್ತದೆ ಅಂತ ಸಾಸ್ಕಿಯಾ ವಿಲ್‌ನಲ್ಲಿ ಬರೆದಿಟ್ಟಿದ್ದಳು. ಅದರ ಪೆಟ್ಟು ತಿಂದವಳು ಹೆಂಡ್ರಿಕ್ಯೆ. 1654ರಲ್ಲಿ ಬಸುರಿಯಾದಾಗ ಚರ್ಚಿನವರು ಕರೆಸಿ ಛೀಮಾರಿ ಹಾಕಿ ಪ್ರಭುಭೋಜನದಿಂದ, ಅಂದರೆ ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿಯಿಂದ, ಹೊರಗಿಟ್ಟರು. ಅದೇ ಹೆಂಗಸು 1660ರಲ್ಲಿ ಟೈಟಸ್ ಜೊತೆ ಸೇರಿ ಚಿತ್ರದ ವ್ಯಾಪಾರ ಶುರು ಮಾಡಿ, ರೆಂಬ್ರಾಂಟನನ್ನು ಅದರ ಕೆಲಸಗಾರ ಅಂತ ಬರೆಸಿದಳು. ಊಟ, ವಸತಿ ಅವರದು, ಚಿತ್ರ ಅವರ ಹೆಸರಿಗೆ. ಸಾಲ ಕೊಟ್ಟವರು ಚಿತ್ರಗಳಿಗೆ ಕೈ ಹಾಕದಂತೆ ಮಾಡಿದ ಉಪಾಯ. ಈ ಇಬ್ಬರಿಲ್ಲದಿದ್ದರೆ ಕೊನೆಯ ಹತ್ತು ವರ್ಷದ ಚಿತ್ರಗಳು ನಮಗೆ ಸಿಗುತ್ತಿದ್ದವೋ ಇಲ್ಲವೋ.

ಅವನು ದೇವರಂಥ ಮನುಷ್ಯ ಅಂತ ನಾನು ಹೇಳುತ್ತಿಲ್ಲ. ಸಾಸ್ಕಿಯಾ ಹೋದ ಮೇಲೆ, ಹೆಂಡ್ರಿಕ್ಯೆಗಿಂತ ಮೊದಲು, ಖೇರ್ಟ್ಯೆ ಅನ್ನುವ ಹೆಂಗಸು ಟೈಟಸ್‌ನನ್ನು ನೋಡಿಕೊಳ್ಳುತ್ತಿದ್ದಳು. ಮದುವೆಯ ಮಾತು ಕೊಟ್ಟು ತಪ್ಪಿದ ಅಂತ ಅವಳು 1649ರಲ್ಲಿ ದೂರು ಕೊಟ್ಟಳು. ವರ್ಷಕ್ಕೆ 200 ಗಿಲ್ಡರ್ ಕೊಡಬೇಕು ಅಂತ ತೀರ್ಪಾಯ್ತು. ಮರುವರ್ಷ ಅವಳನ್ನು ಖೌಡಾ ಊರಿನ ಸುಧಾರಣಾಗೃಹಕ್ಕೆ ಹಾಕಿಸುವುದರಲ್ಲಿ ರೆಂಬ್ರಾಂಟನ ಕೈಯೂ ಇತ್ತು. ಐದು ವರ್ಷ ಅವಳು ಒಳಗಿದ್ದಳು. ಇದನ್ನು ಓದಿದ ದಿನ ನನಗೆ ಬಹಳ ಬೇಜಾರಾಗಿತ್ತು. 1662ರಲ್ಲಿ ದುಡ್ಡಿಗಾಗಿ ಸಾಸ್ಕಿಯಾಳ ಸಮಾಧಿಯ ಜಾಗವನ್ನೂ ಮಾರಿದ. ಈಗ ಹೇಳಿ, ಯಾವ ಸೆಲ್ಫ್ ಪೋರ್ಟ್ರೇಟ್‌ನ ಕಣ್ಣಲ್ಲಿ ಖೇರ್ಟ್ಯೆ ಕಾಣುತ್ತಾಳೆ? ಎಲ್ಲೂ ಇಲ್ಲ. "ಆತ್ಮವನ್ನೇ ಬಿಚ್ಚಿಟ್ಟಿದ್ದಾನೆ" ಅನ್ನುವ ಮಾತನ್ನು ನಾನು ಒಪ್ಪದಿರುವುದು ಇದಕ್ಕೇ. ಅವನು ತೋರಿಸಬೇಕು ಅಂದದ್ದನ್ನು ತೋರಿಸಿದ. ಅದರಲ್ಲಿ ಮೋಸ ಮಾಡಲಿಲ್ಲ, ಮುದಿಯಾದ ಚರ್ಮವನ್ನು ನುಣುಪು ಮಾಡಲಿಲ್ಲ, ಮೂಗು ತಿದ್ದಲಿಲ್ಲ. ಉಳಿದ ಬದುಕಿಗೆ ಕೋರ್ಟಿನ ಕಾಗದ ಓದಬೇಕು.

ಕೊನೆಗಾಲದ ಎರಡು ಚಿತ್ರದ ಬಗ್ಗೆ ಹೇಳದೆ ಮುಗಿಸಲಾರೆ, ಯಾಕೆಂದರೆ ಕೈಯ ವಿಷಯ ಅಲ್ಲಿ ಇನ್ನೂ ಸ್ಪಷ್ಟ. ಒಂದು ಲಂಡನ್ನಿನ ಕೆನ್‌ವುಡ್ ಹೌಸ್‌ನಲ್ಲಿದೆ, 1665ರಿಂದ 69ರ ನಡುವಿನದು. ಈ ಹೊತ್ತಿಗೆ ಬಂಗಾರದ ಬಟ್ಟೆಯೂ ಇಲ್ಲ, ಕೋಲೂ ಇಲ್ಲ. ತಲೆಗೆ ಬಿಳಿ ಬಟ್ಟೆಯ ಟೊಪ್ಪಿಗೆ, ಕೈಯಲ್ಲಿ ಬಣ್ಣ ಕಲಸುವ ಹಲಗೆ ಅಂದರೆ ಪ್ಯಾಲೆಟ್, ಬ್ರಷ್‌ಗಳು, ಬರೆಯುವಾಗ ಕೈ ಊರುವ ಕೋಲು. ಹಿಂದಿನ ಗೋಡೆಯ ಮೇಲೆ ಎರಡು ದೊಡ್ಡ ವೃತ್ತಗಳು, ಎರಡೂ ಅಂಚಿನಲ್ಲಿ ಅರ್ಧ ಕಡಿದಿವೆ. ಅವು ಏನು ಅನ್ನುವುದರ ಬಗ್ಗೆ ಎಷ್ಟೋ ವಾದಗಳಿವೆ. ಕೈವಾರ ಇಲ್ಲದೆ ಒಂದೇ ಎಳೆತಕ್ಕೆ ವೃತ್ತ ಬರೆದು ಪೋಪ್‌ಗೆ ಕಳಿಸಿದ ಇಟಲಿಯ ಹಳೇ ಚಿತ್ರಕಾರ ಜಾಟ್ಟೋನ ಕಥೆ ಅನ್ನುವವರಿದ್ದಾರೆ, ಭೂಪಟದ ಎರಡು ಗೋಳಾರ್ಧ ಅನ್ನುವವರೂ ಇದ್ದಾರೆ. ನನಗೆ ಆ ಚರ್ಚೆಯಲ್ಲಿ ಅಷ್ಟು ಆಸಕ್ತಿ ಇಲ್ಲ. ಎಕ್ಸ್‌ರೇ ತೆಗೆದಾಗ ಕಂಡದ್ದು ಮುಖ್ಯ. ಮೊದಲು ಅವನು ಕನ್ನಡಿಯಲ್ಲಿ ಕಂಡ ಹಾಗೇ ಬರೆದಿದ್ದ: ಎಡಗೈಯಲ್ಲಿ ಬ್ರಷ್, ಎತ್ತಿ ಕ್ಯಾನ್ವಾಸಿಗೆ ಹಚ್ಚುತ್ತಿರುವ ಹಾಗೆ. ಆಮೇಲೆ ಮನಸ್ಸು ಬದಲಿಸಿ ಸಲಕರಣೆಯನ್ನೆಲ್ಲ ಎಡಗೈಗೆ ಕೊಟ್ಟು, ಬರೆಯುವ ಬಲಗೈಯನ್ನು ನೆರಳಿಗೆ ಸರಿಸಿದ. ಪ್ಯಾಲೆಟ್ ಹಿಡಿದ ಕೈ ಬರೀ ನಾಲ್ಕು ಎಳೆತ. ಬೆರಳು ಎಣಿಸಲು ಹೋದರೆ ಸಿಗುವುದಿಲ್ಲ. ದೂರ ನಿಂತರೆ ಕೈ.

ಇನ್ನೊಂದು 1669ರದು, ಅವನು ತೀರಿಕೊಂಡ ವರ್ಷ, ನ್ಯಾಷನಲ್ ಗ್ಯಾಲರಿಯಲ್ಲಿದೆ. 63ರ ಮುದುಕ, ಕೈ ಕೈ ಹಿಡಿದು ನಿಂತಿದ್ದಾನೆ. ಇದರ ಎಕ್ಸ್‌ರೇಯಲ್ಲೂ ಮೊದಲು ಕೈಗಳು ಬಿಡಿಬಿಡಿಯಾಗಿ ಇದ್ದದ್ದು, ಒಂದರಲ್ಲಿ ಬ್ರಷ್ ಇದ್ದದ್ದು ಕಾಣುತ್ತದೆ. ಟೊಪ್ಪಿಗೆಯೂ ಮೊದಲು ದೊಡ್ಡದು, ಪೂರ್ತಿ ಬಿಳಿ. ಅದನ್ನು ಚಿಕ್ಕದು ಮಾಡಿ, ಬಣ್ಣ ಇಳಿಸಿ, ಬ್ರಷ್ ಅಳಿಸಿ, ಕೈಗಳನ್ನು ಜೋಡಿಸಿದ. ಹೆಂಡ್ರಿಕ್ಯೆ 1663ರಲ್ಲೇ ಹೋಗಿದ್ದಳು. ಟೈಟಸ್ ಹಿಂದಿನ ವರ್ಷ, ಮದುವೆಯಾದ ಕೆಲವೇ ತಿಂಗಳಿಗೆ ತೀರಿಹೋಗಿದ್ದ. ಇದೆಲ್ಲ ಗೊತ್ತಿದ್ದು ಈ ಮುಖ ನೋಡಿದರೆ ಕರುಳು ಚುರ್ ಅನ್ನುತ್ತದೆ, ನನಗೂ ಅನ್ನುತ್ತದೆ. ಆದರೆ ಆ ವಯಸ್ಸಿನಲ್ಲಿ, ಆ ದುಃಖದಲ್ಲೂ, ಟೊಪ್ಪಿಗೆಯ ಬಿಳಿ ಮುಖದ ಬೆಳಕನ್ನು ಕದಿಯುತ್ತಿದೆ ಅಂತ ಕಂಡು ಅದನ್ನು ತಿದ್ದಿದ್ದಾನಲ್ಲ, ನನ್ನ ಕಣ್ಣು ತುಂಬುವುದು ಅಲ್ಲಿ.

ನೀವು ವಿಜಯಪುರದವರು, ಅದಕ್ಕೆ ಇದನ್ನೂ ಹೇಳಬೇಕು. ರೆಂಬ್ರಾಂಟ್ ಇನ್ನೂ ಹುಡುಗನಾಗಿದ್ದಾಗ ಅವನ ದೇಶದ ಹಾರ್ಲೆಮ್ ಊರಿನ ಕಾರ್ನೆಲಿಸ್ ಹೇಡಾ ಎಂಬ ಚಿತ್ರಕಾರ ನಿಮ್ಮೂರಲ್ಲಿ, ಎರಡನೇ ಇಬ್ರಾಹಿಂ ಆದಿಲ್‌ಶಾಹನ ಆಸ್ಥಾನದಲ್ಲಿ ಕೆಲಸ ಮಾಡುತ್ತಿದ್ದ. 1610ರ ಸುಮಾರಿಗೆ ಬಂದವನು ವಾಪಸ್ ಹೋಗಲೇ ಇಲ್ಲ, 1622ರಲ್ಲಿ ಇಲ್ಲೇ ತೀರಿಕೊಂಡ. ರೆಂಬ್ರಾಂಟ್ ಕೂಡ ನಮ್ಮ ಕಡೆಯ ಕಲೆ ನೋಡಿದವನೇ. ಸಾಲದ ಅದೇ ವರ್ಷಗಳಲ್ಲಿ, ಸುಮಾರು 1656ರಿಂದ 61ರ ನಡುವೆ, ಮೊಘಲ್ ಚಿತ್ರಗಳನ್ನು ಮುಂದಿಟ್ಟುಕೊಂಡು ಪೆನ್ನಿನಲ್ಲಿ ನಕಲು ಮಾಡಿದ. ಇಪ್ಪತ್ತಕ್ಕೂ ಹೆಚ್ಚು ಉಳಿದಿವೆ, ಷಹಜಹಾನ್, ಜಹಾಂಗೀರ್ ಇದ್ದಾರೆ ಅವುಗಳಲ್ಲಿ. ಬರೆದದ್ದು ದುಬಾರಿ ಜಪಾನಿ ಕಾಗದದ ಮೇಲೆ. ಮನೆ ಕೈಬಿಡುತ್ತಿದೆ, ಈ ಮನುಷ್ಯ ಹಿಂದೂಸ್ತಾನದ ಚಿತ್ರಕಾರರು ಗೆರೆ ಹೇಗೆ ಎಳೆಯುತ್ತಾರೆ ಅಂತ ಕಲಿಯುತ್ತಿದ್ದಾನೆ! ಬಿಡುವು ಸಿಕ್ಕಾಗ ಕುಮಟಗಿಗೆ ಹೋಗಿ ಅಲ್ಲಿನ ಮಾಸಿದ ಗೋಡೆ ಚಿತ್ರ ನೋಡಿ ಬನ್ನಿ, ಅಸಾರ್ ಮಹಲಿನವನ್ನೂ ನೋಡಿ.

ಕೊನೆಗೆ ನಿಮ್ಮ ಅಸೈನ್‌ಮೆಂಟ್. ಮೊಬೈಲ್ ಸೆಲ್ಫಿ ನೋಡಿ ಮುಖ ಬರೆಯಬೇಡಿ. ಫೋನ್ ಹತ್ತಿರ ಹಿಡಿಯುವುದರಿಂದ ಮೂಗು ಉಬ್ಬುತ್ತದೆ, ಕಿವಿ ಹಿಂದೆ ಸರಿಯುತ್ತದೆ, ನೆರಳಿನೊಳಗಿನ ಬಣ್ಣ ಸತ್ತುಹೋಗುತ್ತದೆ. ಕನ್ನಡಿ ಇಟ್ಟುಕೊಳ್ಳಿ. ಬಲಗೈಯವರಾದರೆ ಬೆಳಕು ಎಡದಿಂದ ಬರಲಿ, ಇಲ್ಲದಿದ್ದರೆ ಕೈಯ ನೆರಳು ಕ್ಯಾನ್ವಾಸಿನ ಮೇಲೆಯೇ ಬೀಳುತ್ತದೆ. ನಿಮ್ಮೂರ ಬಿಸಿಲು ಗೊತ್ತಲ್ಲ, ಉತ್ತರದ ಕಿಟಕಿ ಒಳ್ಳೆಯದು, ದಿನವಿಡೀ ಬೆಳಕು ಜಾಸ್ತಿ ಬದಲಾಗುವುದಿಲ್ಲ. ಅಳತೆಗೆ ಒಂದು ಕಣ್ಣು ಮುಚ್ಚಿ ಕನ್ನಡಿಯ ಮೇಲೆಯೇ ನೆತ್ತಿ, ಗದ್ದದ ಜಾಗಕ್ಕೆ ಮಾರ್ಕರ್‌ನಿಂದ ಗುರುತು ಹಾಕಿ. ಗುರುತುಗಳ ನಡುವಿನ ಅಂತರ ನಿಮ್ಮ ಮುಖದ ಸರಿಯಾಗಿ ಅರ್ಧ ಇರುತ್ತದೆ, ಎಷ್ಟು ದೂರ ನಿಂತರೂ ಅಷ್ಟೇ. ಬಣ್ಣ ಜಾಸ್ತಿ ಬೇಡ: ಹಳದಿ ಓಕರ್, ಬರ್ನ್ಟ್ ಸಿಯೆನ್ನಾ, ಅಂಬರ್, ಒಂದು ಕೆಂಪು, ಕಪ್ಪು, ಬಿಳಿ. ರೆಂಬ್ರಾಂಟ್ ಬಳಸಿದ್ದು ಸೀಸದ ಬಿಳಿ, ಅದು ವಿಷ, ನೀವು ಟೈಟೇನಿಯಂ ವೈಟ್ ತಗೊಳ್ಳಿ. ಫೋನನ್ನು ಒಂದಕ್ಕೆ ಮಾತ್ರ ಬಳಸಬಹುದು. ಬ್ರಷ್ ಹಿಡಿದ ಕೈಯ ಫೋಟೋ ಯಾರಿಂದಲಾದರೂ ತೆಗೆಸಿ ಪಕ್ಕದಲ್ಲಿಟ್ಟುಕೊಳ್ಳಿ, ಅದೊಂದು ಮಾತ್ರ ಕನ್ನಡಿಯಲ್ಲಿ ನಿಲ್ಲುವುದಿಲ್ಲ. ಮುಖ ಬರೆದ ಮೇಲೆ ಕೆಳಗೆ ಕೈಗೆ ಜಾಗ ಬೇಕು, ಹಾಗಾಗಿ ಕ್ಯಾನ್ವಾಸ್ 18 ಇಂಚು ಅಗಲ, 24 ಇಂಚು ಎತ್ತರಕ್ಕಿಂತ ಚಿಕ್ಕದು ತರಬೇಡಿ.